ಯಂತ್ರದೆದುರು ಚದುರಂಗ

ತಾಳಮದ್ದಳೆಯಲ್ಲಿ ಎದುರಾಳಿಗೆ ಶ್ಲೋಕಗಳೆಲ್ಲ ಕಂಠಪಾಠವೆಂದು ಬಲ್ಲ ಅರ್ಥಧಾರಿ ಶ್ಲೋಕಕ್ಕೆ ಶ್ಲೋಕ ಹೇಳಹೋಗುವುದಿಲ್ಲ. ಮಾತನ್ನು ಬೇರೆ ದಾರಿಗೆ ಎಳೆಯುತ್ತಾನೆ. ಗಣಕಯಂತ್ರದೊಡನೆ ಚದುರಂಗಕ್ಕೆ ಕುಳಿತ ಪಟುಗಳು ಮಾಡಿದ್ದೂ ಇದನ್ನೇ.

ಹತ್ತು ವರ್ಷಗಳೊಳಗೆ ಯಾವ ಯಂತ್ರವೂ ತನ್ನನ್ನು ಸೋಲಿಸಲಾರದೆಂದು ಅಂತರರಾಷ್ಟ್ರೀಯ ಮಾಸ್ಟರ್ ಡೇವಿಡ್ ಲೆವಿ 1968ರಲ್ಲಿ ವಿಜ್ಞಾನಿಗಳೊಡನೆ ಪಂಥ ಕಟ್ಟಿದರು. 1978ರಲ್ಲಿ ಟೊರೊಂಟೊದಲ್ಲಿ ‘ಚೆಸ್ 4.7’ ಎಂಬ ಯಂತ್ರವನ್ನು 3½–1½ರಿಂದ ಸೋಲಿಸಿ ಪಂಥ ಗೆದ್ದರು. ಅವರ ಉಪಾಯ ಸರಳ: ದುಡುಕದೆ ಕಾಯುವುದು, ಯಂತ್ರ ತಾನಾಗಿ ತಪ್ಪುವವರೆಗೆ ಸುಮ್ಮನಿರುವುದು. ನಾಲ್ಕನೆಯ ಆಟದಲ್ಲಿ ಮಾತ್ರ ಬೇಕೆಂದೇ ಹೊಡೆದಾಟಕ್ಕೆ ಇಳಿದರು, ಅದೊಂದರಲ್ಲಿ ಸೋತರು.

ಕಾರಣವಿಷ್ಟೆ. ಕುದುರೆ, ಆನೆ, ಮಂತ್ರಿಗಳು ಪರಸ್ಪರ ಕಡಿಯುವ ಕಡೆ ಲೆಕ್ಕವೇ ಬಲ. ಲೆಕ್ಕದಲ್ಲಿ ಯಂತ್ರ ತಪ್ಪುವುದಿಲ್ಲ. ಕಾಲಾಳುಗಳು ಒಂದಕ್ಕೊಂದು ಅಡ್ಡ ನಿಂತು ದಾರಿ ಕಟ್ಟಿದಾಗ ಬೇಕಾದದ್ದು ದೂರದ ಯೋಜನೆ. ಅಂದಿನ ಯಂತ್ರಕ್ಕೆ ಅಷ್ಟು ದೂರ ಕಾಣುತ್ತಿರಲಿಲ್ಲ.

ನಮ್ಮ ವಿಶ್ವನಾಥನ್ ಆನಂದ್, 1994ರಲ್ಲಿ ಲಂಡನ್ನಿನಲ್ಲಿ ಕಾಸ್ಪರೋವ್‌ರನ್ನು ಕೆಡವಿದ್ದ ‘ಚೆಸ್ ಜೀನಿಯಸ್’ ಯಂತ್ರವನ್ನು ಅದೇ ಸ್ಪರ್ಧೆಯ ಸೆಮಿಫೈನಲ್‌ನಲ್ಲಿ 2–0ಯಿಂದ ಸೋಲಿಸಿದರು. ಕಾಸ್ಪರೋವ್ 1997ರಲ್ಲಿ ನ್ಯೂಯಾರ್ಕಿನಲ್ಲಿ, ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುವ ‘ಡೀಪ್ ಬ್ಲೂ’ ಎದುರು ಒಂದು ಆಟದಲ್ಲಿ ಯಾರೂ ಆಡದಂಥ ಸಪ್ಪೆ ಮೊದಲ ನಡೆ ಇಟ್ಟರು. ಯಂತ್ರಕ್ಕೆ ತುಂಬಿಸಿದ್ದ ಪುಸ್ತಕವಿದ್ಯೆ ವ್ಯರ್ಥವಾಗಲೆಂಬುದು ಎಣಿಕೆ. ಆ ಆಟ ಸಮವಾಯಿತು. ಪಂದ್ಯವನ್ನು 3½–2½ರಿಂದ ಯಂತ್ರವೇ ಗೆದ್ದಿತು. 2003ರಲ್ಲಿ ‘ಎಕ್ಸ್3ಡಿ ಫ್ರಿಟ್ಸ್’ ಎದುರು ಅವರು ಕಾಲಾಳುಗಳಿಂದ ದಾರಿ ಕಟ್ಟಿದಾಗ, ಯಂತ್ರ ದಿಕ್ಕು ತೋಚದೆ ಕಾಯಿಗಳನ್ನು ಅತ್ತಿತ್ತ ಸರಿಸಿ ಆ ಆಟ ಸೋತಿತು. ಪಂದ್ಯ 2–2 ಆಯಿತು.

ಈ ಉಪಾಯಗಳ ಕಾಲ ಮುಗಿಯಿತು. 2006ರಲ್ಲಿ ಬಾನ್ ನಗರದಲ್ಲಿ ಜಗಜ್ಜೇತ ಕ್ರಾಮ್ನಿಕ್ ‘ಡೀಪ್ ಫ್ರಿಟ್ಸ್’ಗೆ 2–4ರಿಂದ ಸೋತರು. ಇಂದು ಸೊಲ್ಲಾಪುರದ ನವಿ ಪೇಠದಲ್ಲಾಗಲಿ, ನಮ್ಮ ಕಾಸರಗೋಡಿನ ಪೇಟೆಯಲ್ಲಾಗಲಿ ಕೊಳ್ಳುವ ಸಾಧಾರಣ ಮೊಬೈಲಿನಲ್ಲೂ ಜಗಜ್ಜೇತನಿಗಿಂತ ಬಲಿಷ್ಠ ಆಟಗಾರನನ್ನು ಕೂರಿಸಬಹುದು. ಆದ್ದರಿಂದಲೇ ದೊಡ್ಡ ಪಂದ್ಯಗಳಲ್ಲಿ ಮೊಬೈಲಿಗೆ ನಿಷೇಧ. ಗ್ರಾಂಡ್‌ಮಾಸ್ಟರರು ಈಗ ಯಂತ್ರದೊಡನೆ ಸೆಣಸುವುದಿಲ್ಲ, ಅದರಿಂದ ಕಲಿಯುತ್ತಾರೆ.

ಶಾಲಾ ಮಕ್ಕಳನ್ನು ಕಾಣುವ ನಮಗೆ ಚಿಂತೆ ಇಲ್ಲಿಯೇ. ಕೈಯಲ್ಲೇ ಉತ್ತರವಿರುವಾಗ ಯೋಚಿಸುವ ಕಷ್ಟ ಯಾರಿಗೆ ಬೇಕು? ಹೆತ್ತವರಲ್ಲಿ ನಮ್ಮ ಬಿನ್ನಹವಿಷ್ಟು: ಮಗು ಮೊದಲು ಸ್ವಂತ ಬುದ್ಧಿಯಿಂದ ಆಡಲಿ, ನಡೆಗಳನ್ನು ಬರೆದಿಡಲಿ, ತಪ್ಪಿದ್ದೆಲ್ಲಿ ಎಂದು ತಾನೇ ಹುಡುಕಲಿ. ಯಂತ್ರವನ್ನು ಕೇಳುವುದು ಆಮೇಲೆ. ಅದು ಒಳ್ಳೆಯ ನಡೆಯನ್ನು ತೋರಿಸೀತು. ಅದೇಕೆ ಒಳ್ಳೆಯದೆಂದು ಮಗುವೇ ಯೋಚಿಸಿ ತಿಳಿಯಬೇಕು.