ಹಳ್ಳ ದಾಟುವ ಮುನ್ನ ದಡದಲ್ಲಿ ಐದು ನಿಮಿಷ

ಮಳೆಗಾಲದ ಒಂದು ಬೆಳಿಗ್ಗೆ ನೀವು ಬೈಕಿನಲ್ಲಿ ಕಾಲೇಜಿಗೆ ಹೊರಟಿದ್ದೀರಿ ಎಂದುಕೊಳ್ಳಿ. ನಿನ್ನೆ ಸಂಜೆ ಪಾದ ಮುಳುಗುವಷ್ಟೇ ಇದ್ದ ಹಳ್ಳ ಈಗ ಮೊಣಕಾಲಿನವರೆಗೆ ಬಂದಿದೆ. ಆಚೆ ದಡಕ್ಕೆ ಹತ್ತೇ ಹೆಜ್ಜೆ. ಪರೀಕ್ಷೆಗೆ ಹೊತ್ತಾಗುತ್ತಿದೆ. ದಾಟಬಹುದೇ, ಬಾರದೇ? ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಒಳಹಳ್ಳಿಗಳವರಿಗೆ ಇದು ಪ್ರತಿ ಮಳೆಗಾಲದ ಪ್ರಶ್ನೆ. ಇದಕ್ಕೆ ಉತ್ತರ ಸವಾರನ ಧೈರ್ಯದಲ್ಲಿಲ್ಲ. ನೀವು ತರಗತಿಯಲ್ಲಿ ಓದಿರುವ ಭೌತವಿಜ್ಞಾನದಲ್ಲಿದೆ.

ಈ ಪಾಠವನ್ನು ನಾನು ತಡವಾಗಿ ಕಲಿತೆ. ಬಿ.ಎಸ್ಸಿ. ಓದುತ್ತಿದ್ದಾಗ ಹೆಗಡೆಕಟ್ಟಾದ ಹತ್ತಿರ ಗೆಳೆಯನ ಮನೆಗೆ ಹೋಗಿದ್ದೆ. ಅಡಿಕೆ ತೋಟದ ಕೆಳಗಿನ ಹಳ್ಳದ ಬಳಿ ಅವನ ಅಪ್ಪಯ್ಯ ನನ್ನನ್ನು ತಡೆದರು. "ತಮಾ, ನೀರು ಕೆಂಪಾಯ್ದು. ಈಗ ಇಳಿಯಡ" ಎಂದರು. ನಾನು ನಕ್ಕು ಬೈಕು ಇಳಿಸಿದೆ. ನಡುನೀರಿನಲ್ಲಿ ಎಂಜಿನ್ ನಿಂತಿತು. ಹೇಗೋ ಇಬ್ಬರೂ ಸೇರಿ ದಡಕ್ಕೆ ಎಳೆದೆವು. ಕಿಕ್ ಹೊಡೆದರೆ ಪೆಡಲ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಇಳಿಜಾರಿನಲ್ಲಿ ದೂಡಿ ಗೇರಿಗೆ ಹಾಕಿದೆ. 'ಟಕ್' ಎಂಬ ಸದ್ದು ಬಂತು. ಶಿರಸಿಯ ಮೆಕ್ಯಾನಿಕ್ ಎಂಜಿನ್ ಬಿಚ್ಚಿ, ಬಾಗಿದ ಕನೆಕ್ಟಿಂಗ್ ರಾಡನ್ನು ನನ್ನ ಕೈಗಿಟ್ಟರು. ಬೈಕು ಹಾಳಾದದ್ದು ದೊಡ್ಡದಲ್ಲ. ನಾವಿಬ್ಬರು ಉಳಿದದ್ದು ದೊಡ್ಡದು. ಅದು ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು.

ಆ ಲೆಕ್ಕವನ್ನು ನೀವೂ ಮಾಡಿ ನೋಡಿ. ಒಂದು ಘನ ಮೀಟರ್ ನೀರಿನ ತೂಕ 1,000 ಕಿಲೋ. ಹರಿಯುವ ನೀರು ಅಡ್ಡ ಬಂದ ವಸ್ತುವನ್ನು ತಳ್ಳುವ ಬಲ ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಬೈಕಿನ ಚಕ್ರ, ಎಂಜಿನ್, ನಿಮ್ಮ ಕಾಲು ಎಲ್ಲ ಸೇರಿ ಸುಮಾರು ಅರ್ಧ ಚದರ ಮೀಟರಿನಷ್ಟು ನೀರಿಗೆ ಅಡ್ಡವಾಗಿದೆ ಎನ್ನೋಣ. ನೀರು ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತಿದ್ದರೆ ಅದರ ತಳ್ಳುಬಲ ಸುಮಾರು 25 ಕಿಲೋ ಭಾರಕ್ಕೆ ಸಮ. ವೇಗ ಎರಡು ಮೀಟರ್ ಆದರೆ ಅದು 50 ಅಲ್ಲ, 100 ಕಿಲೋ! ಮೂರು ಮೀಟರ್ ಆದರೆ 225 ಕಿಲೋ. ನೀರು ಸ್ವಲ್ಪವೇ ಜೋರಾದಂತೆ ಕಂಡರೂ ಅಪಾಯ ಹಲವು ಪಟ್ಟು ಬೆಳೆದಿರುತ್ತದೆ.

ಇನ್ನೊಂದು ಕಡೆಯಿಂದ ಆರ್ಕಿಮಿಡೀಸನ ತತ್ತ್ವ ಕೆಲಸ ಮಾಡುತ್ತದೆ. 120 ಕಿಲೋ ತೂಗುವ ಬೈಕು 30 ಲೀಟರ್ ನೀರನ್ನು ಸರಿಸಿದರೆ ನೀರಿನಲ್ಲಿ ಅದರ ತೂಕ 90 ಕಿಲೋ ಮಾತ್ರ. ತೂಕ ಇಳಿದಂತೆ ನೆಲಕ್ಕೂ ಟೈರಿಗೂ ನಡುವಿನ ಘರ್ಷಣೆ ಇಳಿಯುತ್ತದೆ. ಕೆಳಗಿರುವುದು ಪಾಚಿ ಕಟ್ಟಿದ ಕಲ್ಲು. ನೀರು ಹೆಚ್ಚು ತಳ್ಳುವ ಹೊತ್ತಿಗೇ ಬೈಕಿನ ಹಿಡಿತ ಕಡಿಮೆಯಾಗಿರುತ್ತದೆ.

ಎಂಜಿನ್ನಿನ ವಿಷಯ ಬೇರೆ. ಸಿಲಿಂಡರಿನೊಳಗೆ ಪಿಸ್ಟನ್ ಗಾಳಿಯನ್ನು ಸುಮಾರು ಒಂಬತ್ತರಲ್ಲೊಂದು ಭಾಗಕ್ಕೆ ಒತ್ತುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಏರ್ ಫಿಲ್ಟರಿನ ದಾರಿಯಲ್ಲಿ ನೀರು ಒಳಹೊಕ್ಕರೆ ಪಿಸ್ಟನ್ನಿಗೆ ಕಲ್ಲು ಸಿಕ್ಕಂತಾಗುತ್ತದೆ, ಆಗ ಬಾಗುವುದು ಕನೆಕ್ಟಿಂಗ್ ರಾಡ್. ಕಾಡುದಾರಿಗೆಂದೇ ತಯಾರಾದ ಬೈಕುಗಳಲ್ಲಿ ಗಾಳಿಯ ದಾರಿಯನ್ನೂ ಸೈಲೆನ್ಸರನ್ನೂ ಎತ್ತರಕ್ಕೆ ಇಟ್ಟಿರುತ್ತಾರೆ. ಇದರಿಂದ ಎಂಜಿನ್ ಉಳಿಯಬಹುದು. ಆದರೆ ನೀರಿನ ತಳ್ಳುಬಲ ಬೈಕಿನ ಬೆಲೆ ನೋಡುವುದಿಲ್ಲ.

ಹಾಗಾದರೆ ದಾಟುವುದು ಹೇಗೆ? ಮೊದಲು ಇಳಿದು, ಎಂಜಿನ್ ನಿಲ್ಲಿಸಿ, ದಡದಲ್ಲಿ ಐದು ನಿಮಿಷ ನಿಲ್ಲಿ. ನೀರಿನ ಬಣ್ಣ ನೋಡಿ. ಕೆಂಪು ನೀರು ಎಂದರೆ ಮೇಲಿನ ಗುಡ್ಡದ ಮಣ್ಣು ಈಗಷ್ಟೇ ಕೊಚ್ಚಿ ಬರುತ್ತಿದೆ, ಹಳ್ಳ ಇನ್ನೂ ಏರಬಹುದು ಎಂದರ್ಥ. ಗೆಳೆಯನ ಅಪ್ಪಯ್ಯ ಹೇಳಿದ್ದು ಇದನ್ನೇ. ನೀರಂಚಿನಲ್ಲಿ ಒಂದು ಕಡ್ಡಿ ನೆಡಿ. ಐದು ನಿಮಿಷದಲ್ಲಿ ಅದರ ಬುಡದ ನೀರು ಮೇಲೇರಿದರೆ ಹಿಂತಿರುಗಿ. ಒಂದು ಎಲೆಯನ್ನು ನೀರಿಗೆ ಬಿಟ್ಟು ಅದರ ಜೊತೆ ದಡದಲ್ಲಿ ನಡೆಯಿರಿ. ಎಲೆ ನಿಮ್ಮ ನಡಿಗೆಯನ್ನು ಹಿಂದೆ ಹಾಕಿದರೆ ದಾಟುವ ಮಾತು ಬೇಡ.

ನೀರು ನಿಧಾನವಾಗಿದ್ದರೆ, ಉದ್ದನೆಯ ಕೋಲು ಹಿಡಿದು ಹರಿವಿಗೆ ಮುಖ ಮಾಡಿ, ದಾರಿಯನ್ನು ಮೊದಲು ಕಾಲ್ನಡಿಗೆಯಲ್ಲೇ ಪರೀಕ್ಷಿಸಿ. ನಡೆದು ದಾಟಲಾಗದ ಕಡೆ ಬೈಕಿನಲ್ಲೂ ದಾಟಲಾಗದು. ಸಾಮಾನ್ಯ ಬೈಕಿಗೆ ಚಕ್ರದ ನಡುವಿನ ಅಚ್ಚಿನ ಮಟ್ಟವೇ ಗಡಿ. ಅಂದರೆ ಸುಮಾರು ಒಂದು ಅಡಿ ನೀರು. ನೆಲಮಟ್ಟದ ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಕೆಳಹರಿವಿನ ಅಂಚಿಗೆ ಹೋಗಬೇಡಿ. ಅಲ್ಲಿ ಧುಮುಕುವ ನೀರು ಬುಡವನ್ನು ಕೊರೆದು ಗುಂಡಿ ಮಾಡಿರುತ್ತದೆ.

ದಾಟುವಾಗ ಮೊದಲ ಗೇರು, ಒಂದೇ ಸಮನಾದ ಆಕ್ಸಿಲರೇಟರ್, ನಡಿಗೆಯ ವೇಗ. ನಡುವೆ ಗೇರು ಬದಲಿಸಬಾರದು, ನೀರು ಚಿಮ್ಮಿಸಬಾರದು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ಆಚೆ ದಡದ ಮೇಲಿರಲಿ. ಹಿಂದೆ ಕುಳಿತವರು ಇಳಿದು ನಡೆದೇ ಬರಲಿ. ನಂಬಿಕೆ ಸಾಲದಿದ್ದರೆ ಎಂಜಿನ್ ನಿಲ್ಲಿಸಿ ದೂಡಿಕೊಂಡು ಹೋಗಿ. ಆಗ ನೀವು ಹರಿವಿನ ಮೇಲ್ಗಡೆ ಇರಬೇಕು. ಕೆಳಗಡೆ ಇದ್ದರೆ ಉರುಳಿದ ಬೈಕು ನಿಮ್ಮನ್ನೇ ನೀರಿನಲ್ಲಿ ಅದುಮುತ್ತದೆ. ಬೈಕು ಕೈತಪ್ಪಿದರೆ ಬಿಟ್ಟುಬಿಡಿ.

ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ದಡಕ್ಕೆ ತಂದು ಪ್ಲಗ್ ಬಿಚ್ಚಿ, ಅದರ ವಯರನ್ನು ದೂರವಿಟ್ಟು, ಮೆಲ್ಲನೆ ಕಿಕ್ ಒತ್ತಿ ನೀರನ್ನು ಹೊರಹಾಕಬೇಕು. ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹದ ಬಣ್ಣಕ್ಕೆ ತಿರುಗಿದ್ದರೆ ಬದಲಿಸದೆ ಓಡಿಸಬಾರದು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಬೈಕುಗಳಲ್ಲಿ ಸಾಮಾನ್ಯವಾಗಿ ಕಾರ್ಬುರೇಟರ್ ಇಲ್ಲ. ಇಂಧನವನ್ನು ಎಲೆಕ್ಟ್ರಾನಿಕ್ ಘಟಕ ನಿಯಂತ್ರಿಸುತ್ತದೆ. ಅವನ್ನು ಮೆಕ್ಯಾನಿಕ್‌ಗೆ ತೋರಿಸುವುದೇ ಲೇಸು. ಸುರಕ್ಷಿತವಾಗಿ ದಾಟಿದ ಮೇಲೂ ನಿಧಾನವಾಗಿ ಸಾಗುತ್ತ ಬ್ರೇಕನ್ನು ಹಗುರವಾಗಿ ಒತ್ತಿ ಬಿಡಿ. ಒದ್ದೆ ಬ್ರೇಕು ತಕ್ಷಣ ಹಿಡಿಯುವುದಿಲ್ಲ.

ಕೊನೆಯದಾಗಿ ಒಂದು ಮಾತು. 2021ರ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಸೇತುವೆಯನ್ನೇ ಗಂಗಾವಳಿ ಕೊಚ್ಚಿಕೊಂಡು ಹೋಯಿತು. ಕಾಂಕ್ರೀಟು ನಿಲ್ಲದ ಪ್ರವಾಹದ ಮುಂದೆ ನಾವು ಬೈಕಿನವರು ಎಷ್ಟರವರು? ನೆನಪಿಡಿ, ನಿಮ್ಮ ಊರಿನಲ್ಲಿ ಬಿಸಿಲಿದ್ದರೂ ಹಳ್ಳದ ಮೇಲ್ಭಾಗದಲ್ಲಿ ಮಳೆ ಸುರಿದಿರಬಹುದು. ಕತ್ತಲಾದ ಮೇಲೆ, ನೆಲ ಕಾಣದಾಗ, ಮರದ ತುಂಡುಗಳು ತೇಲಿ ಬರುತ್ತಿರುವಾಗ ಯಾವ ಲೆಕ್ಕವೂ ಬೇಡ, ಹಿಂತಿರುಗಿ. ಹದಿನೆಂಟು ತುಂಬದವರು ಗೇರಿನ ಬೈಕು ಓಡಿಸುವಂತೆಯೇ ಇಲ್ಲ. ಆದರೆ ಹಳ್ಳದ ಲೆಕ್ಕ ನಡೆದು ಹೋಗುವವರಿಗೂ ಒಂದೇ.

ಒಂದು ದಿನದ ಹಾಜರಿ ತಪ್ಪಿದರೆ ಮೇಷ್ಟ್ರಿಗೆ ಹೇಳಿ ಸರಿಪಡಿಸಬಹುದು. ಮಳೆ ನಿಂತರೆ ಸಣ್ಣ ಹಳ್ಳ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ದಡದ ಮನೆಯ ಜಗುಲಿಯಲ್ಲಿ ಕುಳಿತರೆ ಒಂದು ಲೋಟ ಚಹವೂ ಸಿಕ್ಕೀತು. ನಾನು ಅಂದು ಕಳೆದುಕೊಂಡದ್ದು ಅದನ್ನೇ, ನೀವು ಕಳೆದುಕೊಳ್ಳಬೇಡಿ.