ಎಂಟು ತೋಳ ಕರೆಯೋ ಮುಂಚೆ ಒಂದ್ನಿಮಿಷ!

ದಾಳ ಉರುಳಿಸುತ್ತಾ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ನೀವು ಡ್ರೂಯಿಡ್ ಆಗಿದ್ದೀರಾ? ಹಾಗಾದರೆ 5ನೇ ಲೆವೆಲ್ ತಲುಪಿದ ದಿನ ಹಬ್ಬವೇ. ಕಾಡುಪ್ರಾಣಿಗಳನ್ನು ಕರೆಸುವ ‘ಕಾಂಜ್ಯೂರ್ ಅನಿಮಲ್ಸ್’ ಮಂತ್ರ ಕೈಗೆ ಸಿಗುತ್ತೆ. 2014ರ ನಿಯಮಪುಸ್ತಕದಂತೆ ಬಲವಾದ ಪ್ರಾಣಿಯಾದರೆ 1, ಬಲ ಕಡಿಮೆಯಾದಂತೆ 2, 4, ಕೊನೆಗೆ 8.

ಹೆಚ್ಚಿನವರು ಕೇಳೋದು ಎಂಟು ತೋಳ. ತಪ್ಪೇನಿಲ್ಲ. ಪಕ್ಕದಲ್ಲಿ ಜತೆಗಾರ ಇದ್ದರೆ ತೋಳ ಎರಡು ದಾಳ ಎಸೆದು ದೊಡ್ಡ ಅಂಕಿ ಇಟ್ಟುಕೊಳ್ಳಬಹುದು. ಕಚ್ಚಿದರೆ ಶತ್ರು ನೆಲಕ್ಕುರುಳಲೂಬಹುದು.

ಆದರೆ ಲೆಕ್ಕ ಹಾಕಿ: ಎಂಟು ತೋಳ, ತಲಾ ಎರಡು ದಾಳ, ಒಂದೇ ಸುತ್ತಿಗೆ 16 ಎಸೆತ! ಏಟಿನ ಲೆಕ್ಕ ಬೇರೆ. ಆಫೀಸು, ಟ್ರಾಫಿಕ್ಕು, ಮನೆಕೆಲಸ ಎಲ್ಲ ದಾಟಿ ಮೂರು ಗಂಟೆ ಹೊಂದಿಸಿಕೊಂಡು ಬಂದ ಗೆಳೆಯರು ತಮ್ಮ ಒಂದು ಎಸೆತಕ್ಕಾಗಿ ಮೊಬೈಲ್ ನೋಡ್ತಾ ಕೂರಬೇಕು. ಹೀಗೇ ನಾಲ್ಕು ವಾರ ನಡೆದರೆ ಐದನೇ ವಾರ ‘ಈ ಸಲ ಆಗಲ್ಲ ಕಣೋ’ ಅಂತ ಮೆಸೇಜ್ ಬರುತ್ತೆ.

ಕೆಲಸ ನೋಡಿ ಕರೆಯಿರಿ

ಕಂದಕದಾಚೆ ಏನಿದೆ ನೋಡಬೇಕಾ? ಹಾರುವ ದೈತ್ಯ ಗೂಬೆ ಸಾಕು. ಓಡಿಹೋಗುವವನನ್ನು ತಡೆಯಬೇಕಾ? ಹೆಬ್ಬಾವು ಸುತ್ತಿಕೊಂಡರೆ ಅವನು ಜಾಗ ಬಿಟ್ಟು ಕದಲಲ್ಲ, ಅವನಿಗೆ ಹೊಡೆಯೋ ಗೆಳೆಯರಿಗೆಲ್ಲ ಎರಡು ದಾಳದ ಲಾಭ. ಮುಂದೆ ನಿಂತು ಏಟು ತಿನ್ನೋಕೆ ಒಂದೇ ಒಂದು ಹಿಮಕರಡಿ ಕರೆಸಿ.

ನೀವು ಹಿಂದೆ ನಿಲ್ಲಿ

ಇದು ಏಕಾಗ್ರತೆ ಬೇಡುವ ಮಂತ್ರ. ನಿಮಗೆ ಏಟು ಬಿದ್ದು ಏಕಾಗ್ರತೆ ತಪ್ಪಿದರೆ ಕರೆಸಿದ ಪ್ರಾಣಿಗಳೆಲ್ಲ ಒಟ್ಟಿಗೇ ಮಾಯ.

ಡಿಎಂ ಜತೆ ಮೊದಲೇ ಮಾತಾಡಿ

2014ರ ನಿಯಮದಲ್ಲಿ ಎಷ್ಟು ಪ್ರಾಣಿ ಅನ್ನೋದು ಮಾತ್ರ ನಿಮ್ಮ ಆಯ್ಕೆ. ಯಾವ ಪ್ರಾಣಿ ಅನ್ನೋದು ಆಟ ನಡೆಸುವ ಡಂಜನ್ ಮಾಸ್ಟರ್ ಕೈಯಲ್ಲಿ. ಹಾಗಾಗಿ ನಾಲ್ಕೈದು ಪ್ರಾಣಿಗಳ ಪಟ್ಟಿ ಮೊದಲೇ ಒಪ್ಪಿಸಿಕೊಂಡು, ಅವುಗಳ ಅಂಕಿಅಂಶ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹಿಂಡೇ ಬೇಕಂದ್ರೆ ದಾಳಗಳನ್ನು ಒಟ್ಟಿಗೇ ಎಸೆಯಿರಿ.

ಹೊಸ ಪುಸ್ತಕಗಳೂ ಇದೇ ದಾರಿ ಹಿಡಿದಿವೆ. 2020ರ ‘ತಾಶಾಸ್ ಕಾಲ್ಡ್ರನ್ ಆಫ್ ಎವ್ರಿಥಿಂಗ್’ ಪುಸ್ತಕದ ‘ಸಮನ್ ಬೀಸ್ಟ್’ ಮಂತ್ರಕ್ಕೆ ಬರೋದು ಒಂದೇ ಪ್ರಾಣಿ. ನೆಲ, ನೀರು, ಗಾಳಿ ಪೈಕಿ ಯಾವುದರದ್ದು ಅಂತ ನೀವೇ ಆರಿಸಬಹುದು. 2024ರ ನಿಯಮಪುಸ್ತಕದಲ್ಲಂತೂ ‘ಕಾಂಜ್ಯೂರ್ ಅನಿಮಲ್ಸ್’ ಅಂದರೆ ಬಿಡಿ ಬಿಡಿ ಪ್ರಾಣಿಗಳಲ್ಲ, ಒಟ್ಟಾಗಿ ಚಲಿಸುವ ಒಂದು ಮಾಯಾಹಿಂಡು.

ನಿಮ್ಮ ತಂಡ ಇನ್ನೂ ಹಳೇ ಪುಸ್ತಕದಲ್ಲೇ ಆಡ್ತಿದ್ರೆ, ಮುಂದಿನ ಆಟಕ್ಕೆ ಎರಡೇ ಪ್ರಾಣಿ ಕರೆದು ನೋಡಿ. ಪಕ್ಕದಲ್ಲಿ ಕೂತವರ ಸರದಿ ಬೇಗ ಬರುತ್ತೆ.