ಅತ್ತರಿನ ಘಮ, ಗ್ಯಾಸಿನ ವಾಸನೆ

ಈದ್ ಬೆಳಿಗ್ಗೆ ಮನೆಯ ಒಂದು ಮೂಲೆಯಲ್ಲಿ ಯಾರೋ ಅತ್ತರಿನ ಶೀಶೆ ತೆರೆಯುತ್ತಾರೆ. ಘಮ ಇನ್ನೊಂದು ಮೂಲೆಯಲ್ಲಿರುವ ನಿಮ್ಮನ್ನು ತಲುಪಲು ತುಸು ಹೊತ್ತು ಬೇಕು. ಯಾಕೆ?

ಅನಿಲದ ಅಣುಗಳು ನಿಧಾನ ಅಂತ ತಿಳಿಯಬೇಡಿ. ಕೋಣೆಯ ಗಾಳಿಯಲ್ಲಿರುವ ಅಣುಗಳು ಸರಾಸರಿ ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತಿರುತ್ತವೆ. ಅಂದರೆ ಶಬ್ದಕ್ಕಿಂತಲೂ ಜೋರು! ಆದರೆ ನೇರವಾಗಿ ಹೋಗಲು ದಾರಿಯೇ ಸಿಗುವುದಿಲ್ಲ. ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ ಸಾಗುವಷ್ಟರಲ್ಲೇ ಇನ್ನೊಂದು ಅಣುವಿಗೆ ಡಿಕ್ಕಿ. ಒಂದೊಂದು ಅಣುವಿಗೂ ಸೆಕೆಂಡಿಗೆ ನೂರಾರು ಕೋಟಿ ಡಿಕ್ಕಿ, ಪ್ರತಿ ಡಿಕ್ಕಿಗೂ ದಿಕ್ಕು ಬದಲು. ಸಂಜೆ ಹೊತ್ತು ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಓಡಲು ಹೊರಟವರ ಗತಿಯೇ ಇವುಗಳದ್ದೂ. ಹೀಗೆ ಡಿಕ್ಕಿ ಹೊಡೆಯುತ್ತಾ ಹರಡುವುದಕ್ಕೆ ವಿಸರಣೆ ಎನ್ನುತ್ತಾರೆ. ಗಾಳಿ ಅಲುಗಾಡದ ಕೋಣೆಯಲ್ಲಿ ಇದು ಬಹಳ ನಿಧಾನ.

ಅತ್ತರಿನ ವಿಷಯದಲ್ಲಿ ತಡವಾದರೆ ನಷ್ಟವಿಲ್ಲ. ಅಡುಗೆ ಗ್ಯಾಸ್ ಸೋರಿದಾಗ ಹಾಗಲ್ಲ. ಸಿಲಿಂಡರಿನಲ್ಲಿರುವುದು ಪ್ರೋಪೇನ್ ಮತ್ತು ಬ್ಯೂಟೇನ್. ಇವು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ವಿಸರಣೆ ನಿಧಾನವಾದ್ದರಿಂದ, ಸೋರಿದ ಗ್ಯಾಸು ಗಾಳಿಯೊಡನೆ ಪೂರ್ತಿ ಬೆರೆಯುವ ಮೊದಲೇ ಕೆಳಗಿಳಿದು ನೀರಿನ ಹಾಗೆ ನೆಲದ ಮೇಲೆ ಹರಡುತ್ತದೆ. ಮುಂಬಯಿ, ಪುಣೆ, ದೆಹಲಿಯ ಅನೇಕ ಮನೆಗಳಿಗೆ ಪೈಪಿನಲ್ಲಿ ಬರುವ ಗ್ಯಾಸಿನ ಕಥೆ ಬೇರೆ. ಅದರಲ್ಲಿ ಮುಖ್ಯವಾಗಿ ಮೀಥೇನ್ ಇದೆ. ಅದು ಗಾಳಿಗಿಂತ ಹಗುರ, ಸೋರಿದರೆ ಛಾವಣಿಯ ಕಡೆ ಏರುತ್ತದೆ.

ಈ ಅನಿಲಗಳಿಗೆ ಸ್ವಂತ ವಾಸನೆ ಇಲ್ಲವೆಂದೇ ಹೇಳಬಹುದು. ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಸೇರಿಸುತ್ತಾರೆ. ಆ ವಾಸನೆ ಬಂದರೆ ತಡಮಾಡಬೇಡಿ.

"ಫ್ಯಾನ್ ಹಾಕಿದರೆ ಗ್ಯಾಸು ಬೇಗ ಹೋಗುತ್ತಲ್ವಾ?" ಅಂತ ಮಕ್ಕಳು ಕೇಳುತ್ತಾರೆ. ಪ್ರಶ್ನೆ ಸರಿ, ಕೆಲಸ ಅಪಾಯ. ಗಾಳಿಯಲ್ಲಿ ಶೇ. 2ರಷ್ಟು ಎಲ್‌ಪಿಜಿ ಅಥವಾ ಶೇ. 5ರಷ್ಟು ಮೀಥೇನ್ ಇದ್ದರೂ ಸ್ವಿಚ್ಚಿನೊಳಗಿನ ಕಿಡಿಗೆ ಅದು ಹೊತ್ತಿಕೊಳ್ಳಬಹುದು. ಸ್ವಿಚ್ ಹಾಕಿದರೂ ಕಿಡಿ, ಆರಿಸಿದರೂ ಕಿಡಿ. ಆದ್ದರಿಂದ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಬೆಂಕಿಕಡ್ಡಿ ಗೀರಬೇಡಿ. ರೆಗ್ಯುಲೇಟರ್ ಅಥವಾ ಪೈಪಿನ ವಾಲ್ವ್ ಬಂದ್ ಮಾಡಿ. ಬಾಗಿಲು, ಕಿಟಕಿ ಎರಡನ್ನೂ ತೆರೆಯಿರಿ: ಭಾರದ ಗ್ಯಾಸಿಗೆ ಕೆಳಗೆ ದಾರಿ ಬೇಕು, ಹಗುರದ್ದಕ್ಕೆ ಮೇಲೆ. ಮನೆಯವರೆಲ್ಲ ಹೊರಗೆ ಬಂದ ಮೇಲೆ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆ ತುರ್ತು ಸಂಖ್ಯೆ 1906. ಪೈಪ್ ಗ್ಯಾಸಿನ ತುರ್ತು ಸಂಖ್ಯೆಯನ್ನು ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ, ಮನೆಯ ಮಕ್ಕಳಿಗೂ ತೋರಿಸಿ.